ಬದುವಿನ ಬನ್ನಿ

ಸದಲಗಾ
೯ ನವೆಂಬರ್ ೧೯೮೭

ಚಿ. ಬಾಬಾಸಾಹೇಬನಿಗೆ,

ನಿನ್ನ ಅತ್ತಿಗೆ, ವೈನಿ, ಬರೆಯುತ್ತಿದ್ದೇನೆ. ನಾವು ನೆಟ್ಟಗಿದ್ದೇವೆ. ನೀನೂ ನೆಟ್ಟಗಿದ್ದೀ ಎಂದುಕೊಂಡು ಸುದ್ದಿಗೆ ಬರುತ್ತೇನೆ.

ನಿನ್ನ ಪತ್ರವನ್ನು ಎಂದಿನಂತೆ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ಗಟ್ಟಿಯಾಗಿ ಏಕೆ ಎಂಬುದು ನಿನಗೆ ಗೊತ್ತು. ನಿಮ್ಮಣ್ಣ ನಿನ್ನ ಪತ್ರ ಮುಟ್ಟುವುದಿಲ್ಲ. ಆದರೆ ನಾನು ಪಾಕೀಟು ಒಡೆಯುವ ಹೊತ್ತಿಗೆ ಸರಿಯಾಗಿ ಅವರಿಗೆ ಎತ್ತಿನ ಹಗ್ಗ ಹೊಸೆಯುವ ಕೆಲಸ ನೆನಪಾಗುತ್ತದೆ. ಮಾವ ತೀರಿಕೊಂಡ ವರ್ಷವೇ ನೀನು ಹಿಸ್ಸೆ ಕೇಳಿದೆ, ಹೊಲ ಎರಡಾಯಿತು, ಅಣ್ಣತಮ್ಮರ ಮಾತು ನಿಂತಿತು. ಅಂದಿನಿಂದ ಈ ಮನೆಯಲ್ಲಿ ಹೊಸೆದಿರುವ ಹಗ್ಗಕ್ಕೆ ಕಟ್ಟಲು ಸದಲಗಾದ ಎತ್ತುಗಳೆಲ್ಲ ಸೇರಿದರೂ ಸಾಲವು.

ಸೂಡಾನ್, ಒಮಾನ್ ಎಂಬ ಎರಡು ಮರಳಿನ ದೇಶಗಳಲ್ಲಿ ಗಿಡಮರ ಹೋದರೆ ಯಾವ ದೇಶಕ್ಕೆ ಎಷ್ಟು ನಷ್ಟ ಎಂದು ಲೆಕ್ಕ ಹಾಕಿ ತೂಗಿ ನೋಡುವುದು ನಿನ್ನ ಹೊಸ ಕೆಲಸ ಎಂದು ಓದಿದಾಗ ಹೊಸೆಯುವ ಕೈ ನಿಂತಿತು. "ಬೋಳ ತಲಿಯಾಗ ಹೇನ ಹುಡುಕಾಕ ಪಗಾರ ಕೊಡ್ತಾರಂತೇನ?" ಎಂದರು. ನನ್ನನ್ನು ನೋಡಿ ಅನ್ನಲಿಲ್ಲ, ಗೋಡೆಯನ್ನು ನೋಡಿ ಅಂದರು. ಗೋಡೆ ಉತ್ತರ ಕೊಡಲಿಲ್ಲ, ನೀನಾದರೂ ಕೊಡು.

ದಸರೆಯಾಯಿತು. ನಮ್ಮ ಓಣಿಯವರೆಲ್ಲ ಸಂಜೆ ಬದುವಿನ ಬನ್ನಿಗಿಡಕ್ಕೆ ಬಂದು ಪೂಜೆ ಮಾಡಿ ಎಲೆ ಹರಿದುಕೊಂಡರು. ಸಣ್ಣವರು ದೊಡ್ಡವರ ಕೈಗೆ ಬನ್ನಿ ಕೊಟ್ಟು, ಕಾಲು ಮುಟ್ಟಿ, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ವರ್ಷದ ಜಗಳಗಳನ್ನು ಅಲ್ಲಿಗೇ ಮುಗಿಸಿದರು. ನಿಮ್ಮಣ್ಣನ ಧೋತರದ ಮಡಿಲು ತುಂಬ ಬನ್ನಿ ಬಂತು. ಕೊಡಬೇಕಾದವನು ಮಾತ್ರ ಈ ಸಲವೂ ಬರಲಿಲ್ಲ. ದೊಡ್ಡವರು ತಾವಾಗಿ ಮೊದಲು ಕೊಡುವ ಪದ್ಧತಿಯಿಲ್ಲ. ಇದ್ದಿದ್ದರೂ ಇವರು ಕೊಡುವವರಲ್ಲ ಬಿಡು.

ಹಿಸ್ಸೆಯ ದಿನ ತಾಮ್ರದ ಹಂಡೆಯಿಂದ ಹಿಡಿದು ಬಾವಿಯ ನೀರಿನವರೆಗೆ ಎಲ್ಲ ಹಂಚಿಕೊಂಡಿರಿ. ಆ ಬನ್ನಿಗಿಡವೊಂದನ್ನು ಇಬ್ಬರಿಗೂ ಸೇರಿದ್ದು ಎಂದು ಬಿಟ್ಟಿರಿ. ಇಬ್ಬರೂ ತಲೆ ನೆಟ್ಟಗಿಟ್ಟುಕೊಂಡು ಮಾಡಿದ ಕೆಲಸ ಅದೊಂದೇ ಎಂದು ನನಗೆ ಆಗಾಗ ಅನಿಸುತ್ತದೆ.

ಆಶೀರ್ವಾದಗಳೊಂದಿಗೆ,
ವೈನಿ ಶಿವಗಂಗವ್ವ


ಅಲ್ ಉಬಯ್ಯಿದ್, ಸೂಡಾನ್
೨೧ ಫೆಬ್ರವರಿ ೧೯೮೮

ವೈನಿಗೆ ನಮಸ್ಕಾರಗಳು.

ಗೋಡೆಗೆ ಉತ್ತರ ಬರೆಯುತ್ತಿದ್ದೇನೆ. ಬೋಳು ತಲೆ ಎನ್ನುವುದು ಅರ್ಧ ಮಾತ್ರ ಸರಿ. ಈ ಸೀಮೆಯಲ್ಲಿ ಜಾಲಿಯ ಜಾತಿಯ ಗಿಡಗಳು ಬೇಕಾದಷ್ಟಿದ್ದವು. ಒಂದು ಬಗೆಯ ಗಿಡದಿಂದ ಅಂಟು ತೆಗೆದು ಹೊರದೇಶಕ್ಕೆ ಮಾರುತ್ತಾರೆ. ಮಳೆ ತಪ್ಪಿದ ವರ್ಷಗಳಲ್ಲಿ ಜನ ಅದನ್ನೇ ಕಡಿದು ಇದ್ದಿಲು ಸುಟ್ಟರು. ಹೊಟ್ಟೆಗೆ ಬೇಕಾಗಿತ್ತು, ಕಡಿದರು.

ನಮ್ಮ ಲೆಕ್ಕದ ರೀತಿ ಹೀಗಿದೆ. ನಿಂತ ಗಿಡಕ್ಕೆ ಬೆಲೆ ಕಟ್ಟುವುದು ಕಷ್ಟ, ಹೋದ ಗಿಡಕ್ಕೆ ಸುಲಭ. ಅದು ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ, ಅವರಿಗೆ ಏನು ಖರ್ಚು ಎಂದು ಹುಡುಕಬೇಕು. ಸೂಡಾನಿನಲ್ಲಿ ಗಿಡದ ಕೆಲಸವನ್ನು ಬಹುಮಟ್ಟಿಗೆ ಹೆಂಗಸರು ಮಾಡುತ್ತಿದ್ದಾರೆ. ಆಯಿಷಾ ಎಂಬುವಳೊಬ್ಬಳಿದ್ದಾಳೆ, ನಿಮ್ಮ ವಯಸ್ಸಿನವಳು. ಮದುವೆಯಾಗಿ ಬಂದಾಗ ಹಿತ್ತಲಿನ ಆಚೆಯೇ ಕಟ್ಟಿಗೆ ಸಿಗುತ್ತಿತ್ತಂತೆ. ಈಗ ಕತ್ತೆ ಹೊಡೆದುಕೊಂಡು ಬೆಳಿಗ್ಗೆ ಹೋದವಳು ಮಧ್ಯಾಹ್ನ ಮೀರಿ ಬರುತ್ತಾಳೆ. ಕಟ್ಟಿಗೆ ಸಿಗದ ದಿನ ಸಗಣಿ ಸುಡುತ್ತಾಳೆ. ನಮ್ಮ ಕಡೆ ಕುಳ್ಳು ಸುಟ್ಟಂತೆಯೇ. ಸುಟ್ಟ ಸಗಣಿ ಹೊಲಕ್ಕೆ ಗೊಬ್ಬರವಾಗುವುದಿಲ್ಲ, ಗೊಬ್ಬರವಿಲ್ಲದ ಹೊಲ ಕಡಿಮೆ ಬೆಳೆಯುತ್ತದೆ. ಅವಳ ನಡಿಗೆ ಲೆಕ್ಕದ ಒಂದು ಖಾನೆಗೆ, ಕಡಿಮೆಯಾದ ಬೆಳೆ ಇನ್ನೊಂದು ಖಾನೆಗೆ. ಹೀಗೆ ಒಂದು ದೇಶದ್ದು ಮುಗಿದ ಮೇಲೆ ಒಮಾನಿಗೆ ಹೋಗಿ ಅದೇ ಖಾನೆಗಳನ್ನು ಅಲ್ಲಿಯೂ ತುಂಬಿ ಎರಡನ್ನೂ ಪಕ್ಕಪಕ್ಕ ಇಡಬೇಕು. ಯಾರ ನಷ್ಟ ದೊಡ್ಡದೋ ಅವರಿಗೆ ಗಿಡ ನೆಡುವ ದುಡ್ಡು ಹೋಗುತ್ತದೆ. ಇದರಲ್ಲಿ ಕರುಣೆಗೆ ಖಾನೆಯಿಲ್ಲ. ಇರಬಾರದು ಎಂದೇ ನನ್ನ ಅಭಿಪ್ರಾಯ.

ಆರೋಗ್ಯ ಚೆನ್ನಾಗಿದೆ. ಇಲ್ಲಿಯ ಜೋಳದ ರೊಟ್ಟಿ ತೆಳ್ಳಗೆ, ಹುಳಿ. ನಿಮ್ಮ ಕೈಯ ರೊಟ್ಟಿ ಅಲ್ಲ. ಹಗ್ಗ ಹೊಸೆಯುವವರಿಗೆ ನನ್ನ ನಮಸ್ಕಾರ ಮುಟ್ಟಿಸುವುದು, ಅವರು ತೆಗೆದುಕೊಳ್ಳುವುದಾದರೆ.

ನಿಮ್ಮ,
ಬಾಬಾಸಾಹೇಬ


ಸದಲಗಾ
೬ ಮಾರ್ಚ್ ೧೯೮೯

ಚಿ. ಬಾಬಾಸಾಹೇಬನಿಗೆ,

ನೀನು ಒಮಾನಿಗೆ ಬಂದು ತಲುಪಿದ್ದು ತಿಳಿಯಿತು. ಈ ಪತ್ರವನ್ನು ಎರಡು ಸಲ ಓದು. ಇದರಲ್ಲಿ ನಿಮ್ಮಣ್ಣ ನಿನಗೆ ಕೇಳಿದ ಮಾತೊಂದಿದೆ. ಏಳು ವರ್ಷಕ್ಕೆ ಮೊದಲನೆಯದು.

ದೂಧಗಂಗಾ ನದಿಯಿಂದ ನಿಮ್ಮಣ್ಣ ನಮ್ಮ ಹೊಲಕ್ಕೆ ಪೈಪ್‌ಲೈನ್ ತರುತ್ತಿದ್ದಾರೆ. ಬಾವಿಯ ನೀರು ಕಬ್ಬಿಗೆ ಸಾಲದು. ಪೈಪು ನಿನ್ನ ಹೊಲಕ್ಕೂ ನಮ್ಮ ಹೊಲಕ್ಕೂ ನಡುವಿನ ಬದುವಿನ ಗುಂಟ ಬರಬೇಕು. ನಿನ್ನ ಹೊಲವನ್ನು ಪಾಲಿಗೆ ಮಾಡುವ ಲಗಮಪ್ಪ ಒಪ್ಪಿದ್ದಾನೆ, ಅವನಿಗೂ ನೀರು ಸಿಗುತ್ತದೆ. ಪೈಪು ಹೂಳಲು ಚರಿ ತೋಡುತ್ತ ಬಂದವರು ಬನ್ನಿಗಿಡದ ಹತ್ತಿರ ನಿಂತಿದ್ದಾರೆ. ಗಿಡ ನೇರ ದಾರಿಯಲ್ಲಿದೆ. ಫಿಟ್ಟರು ಕಡಿಯಿರಿ ಅನ್ನುತ್ತಾನೆ.

ರಾತ್ರಿ ಊಟಕ್ಕೆ ಕೂತಾಗ ಇವರು, "ಗಿಡ ಇಬ್ಬರದು. ಅವಗ ಕೇಳದ ಕೊಡ್ಲಿ ಹಾಕಾಂಗಿಲ್ಲ. ಏನ್ ಮಾಡೋಣು ಕೇಳು" ಎಂದರು. ತಟ್ಟೆಯನ್ನು ನೋಡಿಕೊಂಡೇ ಅಂದರು, ಆದರೆ ಗೋಡೆಗೆ ಅನ್ನಲಿಲ್ಲ. ನಾನು, "ನಿಮ್ಮ ಮನಸಿನ್ಯಾಗ ಏನೈತ್ರಿ?" ಎಂದು ಕೇಳಿದೆ. "ನನ್ನ ಮನಸ ಬರಿಬ್ಯಾಡ. ಅಂವಾ ಏನಂತಾನ ಅದನ್ನಷ್ಟ ಕೇಳು" ಎಂದು ಕೈ ತೊಳೆದುಕೊಂಡರು. ಹಾಗಾಗಿ ಬರೆಯುತ್ತಿಲ್ಲ. ಕೆಲಸ ನಿಲ್ಲಿಸಿ ಕೂತಿದ್ದಾರೆ, ಬೇಗ ಉತ್ತರ ಕೊಡು. ಸ್ವಲ್ಪ ಯೋಚಿಸಿ ಕೊಡು.

ಆಶೀರ್ವಾದಗಳೊಂದಿಗೆ,
ವೈನಿ


ಬಿದಿಯಾ, ಒಮಾನ್
೨ ಏಪ್ರಿಲ್ ೧೯೮೯

ವೈನಿಗೆ ನಮಸ್ಕಾರಗಳು.

ಪತ್ರವನ್ನು ನೀವು ಹೇಳಿದಂತೆ ಎರಡು ಸಲ ಓದಿದೆ. ಅಣ್ಣ ಕೇಳಿದ್ದಕ್ಕೆ ಸಂತೋಷವಾಯಿತು. ಉತ್ತರವನ್ನು ಕೊನೆಗೆ ಬರೆಯುತ್ತೇನೆ, ಏಕೆಂದರೆ ಅದಕ್ಕೆ ಕಾರಣ ಇಲ್ಲಿಯ ಕೆಲಸದಲ್ಲೇ ಇದೆ.

ಒಂದು ವಿಚಿತ್ರ ಕೇಳಿ. ಇಲ್ಲಿ ಮರಳುಗುಡ್ಡದ ಅಂಚಿನಲ್ಲಿ ಗಾಫ್ ಎಂಬ ಗಿಡ ತೋಪುತೋಪಾಗಿದೆ. ಮೊದಲ ದಿನ ಜೀಪಿನಿಂದ ಇಳಿದು ಒಂದು ಟೊಂಗೆ ಹಿಡಿದೆ. ಮುಳ್ಳು ಚುಚ್ಚಿತು. ಅದು ಬನ್ನಿ. ನಮ್ಮ ಬದುವಿನದೇ ಜಾತಿ. ಅದರ ಕೆಳಗೆ ಒಂಟೆ ಮಲಗಿತ್ತು.

ಸೂಡಾನಿನಲ್ಲಿ ಗಿಡ ಹೋದರೆ ಆ ಸಂಜೆಯೇ ಒಲೆಗೆ ಗೊತ್ತಾಗುತ್ತದೆ. ಇಲ್ಲಿ ಗೊತ್ತಾಗುವುದಿಲ್ಲ. ಮನೆಗೆ ಗ್ಯಾಸಿನ ಸಿಲಿಂಡರು ಬರುತ್ತದೆ, ಆಡಿಗೆ ಮೇವು ಚೀಲದಲ್ಲಿ ಬರುತ್ತದೆ. ತೋಟಗಳ ಪಂಪುಗಳು ನೀರು ಎಳೆದಂತೆ ಅಂತರ್ಜಲ ಇಳಿದು ಬನ್ನಿಗಳು ನಿಂತಲ್ಲೇ ಒಣಗುತ್ತಿವೆ. ಯಾರಾದರೂ ಅದಕ್ಕಾಗಿ ಹೆಚ್ಚು ನಡೆದರೇ? ಇಲ್ಲ. ಹೆಚ್ಚು ಖರ್ಚು ಮಾಡಿದರೇ? ಇಲ್ಲ. ಹಾಗಾಗಿ ಆಯಿಷಾಳ ದೇಶದಲ್ಲಿ ತುಂಬಿ ತುಳುಕುವ ಖಾನೆಗಳು ಇಲ್ಲಿ ಖಾಲಿ ಉಳಿಯುತ್ತಿವೆ.

ನಮ್ಮ ಗಿಡವನ್ನೂ ಅದೇ ಕಣ್ಣಿನಿಂದ ನೋಡಿದೆ. ಹಣ್ಣಿಲ್ಲ, ನೆರಳು ಕಬ್ಬಿಗೆ ಅಡ್ಡಿ, ವರ್ಷಕ್ಕೆ ಒಂದು ಸಂಜೆ ಬಿಟ್ಟರೆ ಕೆಲಸಕ್ಕೆ ಬರುವುದಿಲ್ಲ. ಪೈಪು ಬಂದರೆ ಎರಡು ಹೊಲಗಳಿಗೆ ನೀರು. ತೂಗುವ ಅಗತ್ಯವೇ ಇಲ್ಲ. ನನ್ನ ತಕರಾರಿಲ್ಲ, ಕಡಿಯಲಿ. ಹಿಸ್ಸೆಯ ವಿಷಯದಲ್ಲಿ ಅಣ್ಣನಿಗೆ ಒಮ್ಮೆ ಅಡ್ಡ ಬಂದದ್ದು ಸಾಕು. ಇನ್ನೊಮ್ಮೆ ಒಂದು ಗಿಡಕ್ಕಾಗಿ ಅಡ್ಡ ಬರಲಾರೆ. ಇದನ್ನು ಅವರಿಗೆ ಇದೇ ಮಾತಿನಲ್ಲಿ ಓದಿ ಹೇಳಿ.

ನಿಮ್ಮ,
ಬಾಬಾಸಾಹೇಬ


ಸದಲಗಾ
೧೮ ಮೇ ೧೯೮೯

ಬಾಬಾಸಾಹೇಬನಿಗೆ,

ನಿನ್ನ ಉತ್ತರವನ್ನು ಅದೇ ಮಾತಿನಲ್ಲಿ ಓದಿ ಹೇಳಿದೆ. ಮರುದಿನ ಗಿಡ ಕಡಿದರು. ಪೈಪು ಹೂತರು. ನೀರು ಬಂದಿದೆ, ಚೆನ್ನಾಗಿ ಬಂದಿದೆ.

ಕಟ್ಟಿಗೆ ಬದುವಿನ ಮೇಲೆ ಬಿದ್ದಿದೆ. ಬನ್ನಿ ಕಟ್ಟಿಗೆ ಒಲೆಗೆ ಹಾಕಬಾರದು ಎಂದು ನಮ್ಮವರು ಯಾರೂ ಮುಟ್ಟುತ್ತಿಲ್ಲ. ಬೆಲ್ಲದ ಗಾಣದವರಿಗೂ ಬೇಡವಂತೆ. ಲಗಮಪ್ಪನ ಹೆಂಡತಿ ಜನಾಬಾಯಿ, "ನಮ್ಮಲ್ಲಿ ಅಂಥಾದ್ದೇನಿಲ್ರಿ, ನಾ ಒಯ್ತೀನಿ" ಎಂದು ಬಂದಳು. ಇವರು ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳು ಸ್ವಲ್ಪ ಹೊತ್ತು ನಿಂತು ಬರಿಗೈಯಲ್ಲಿ ಹೋದಳು.

ಈಗ ನಿನ್ನ ಪತ್ರ ಓದುವಾಗ ಇವರು ಹಗ್ಗ ಹೊಸೆಯುವುದಿಲ್ಲ. ಎದ್ದು ಹೊಲಕ್ಕೆ ಹೋಗುತ್ತಾರೆ.

ವೈನಿ


ಸದಲಗಾ
೧೬ ಅಕ್ಟೋಬರ್ ೧೯೮೯

ಬಾಬಾಸಾಹೇಬನಿಗೆ,

ನೀನು ಬರೆದ ಎರಡು ಪತ್ರಗಳಿಗೆ ಉತ್ತರ ಕೊಡಲಿಲ್ಲ. ಬೇಕೆಂದೇ ಕೊಡಲಿಲ್ಲ. ನನಗೆ ನಿನ್ನ ಮೇಲೆ ಸಿಟ್ಟಿತ್ತು, ಇವರ ಮೇಲೆ ಅದಕ್ಕಿಂತ ಹೆಚ್ಚಿತ್ತು. ಮನೆಯಲ್ಲಿ ಒಬ್ಬರೇ ಸಿಕ್ಕುತ್ತಾರಾದ್ದರಿಂದ ಅವರಿಗೆ ಬೇಕಾದಷ್ಟು ಅಂದೆ. ಈಗ ನಿನ್ನ ಪಾಳಿ.

ದಸರೆಯ ಸಂಜೆ ಓಣಿಯವರು ರೂಢಿಯ ಮೇಲೆ ಬದುವಿಗೆ ಬಂದರು. ಗಿಡ ಕಡಿದದ್ದು ಎಲ್ಲರಿಗೂ ಗೊತ್ತು, ಆದರೂ ಬಂದರು. ಕಾಲಿಗೆ ಆ ದಾರಿಯೇ ಗೊತ್ತಿತ್ತು. ನೆರೆಮನೆಯ ಅಕ್ಕುತಾಯಿ ಆರತಿ ತಟ್ಟೆ ಹಿಡಿದುಕೊಂಡು ಬೊಡ್ಡೆಯ ಮುಂದೆ ನಿಂತಳು. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೆಲವರು ಏಕಸಂಬಿ ದಾರಿಯ ಕಡೆ ಬೇರೆ ಗಿಡ ಹುಡುಕಿಕೊಂಡು ಹೋದರು. ಕೆಲವರ ಮನೆಗೆ ನಿಪ್ಪಾಣಿ ಪೇಟೆಯಿಂದ ಆಪ್ಟಾ ಎಲೆ ಬಂದಿತ್ತು. ಮರಾಠಿ ಮಂದಿ ಬನ್ನಿಯ ಬದಲು ಅದನ್ನೇ ಬಂಗಾರ ಅಂತ ಕೊಡುತ್ತಾರಲ್ಲ, ಅದು. ಒಬ್ಬ ಅದನ್ನು ತಂದು ಇವರ ಕೈಗೆ ಕೊಟ್ಟ. ತೆಗೆದುಕೊಂಡರು, ಕಿಸೆಯಲ್ಲಿಟ್ಟರು, ಮನೆಗೆ ಬಂದು ಅಂಗಿ ಕಳಚಿ ಮಲಗಿಬಿಟ್ಟರು. ಬನ್ನಿ ಕೊಡಲು ಬಂದವರಿಗೆ ನಾನು, ಇವರ ಮೈ ನೆಟ್ಟಗಿಲ್ಲ ಎಂದು ಸುಳ್ಳು ಹೇಳಿದೆ.

ಮರುದಿನ ಕಾಳಿನ ಚೀಲ ತೆಗೆಯಲು ಹಿಂದಿನ ತಗಡಿನ ಪತ್ರಾಸಿನ ಕೋಣೆಗೆ ಹೋದೆ. ಮೂಲೆಯಲ್ಲಿ ಗೋಣಿ ಮುಚ್ಚಿದ ಎರಡು ಬೆಂಡು ಇದ್ದವು. ಪೈಪನ್ನು ನೇರ ಒಯ್ಯದೆ ಬಳಸಿ ಒಯ್ಯಬೇಕಾದಾಗ ಕೂಡಿಸುವ ಬೆಂಡು. ಹೊಸವು, ಮಣ್ಣು ಸಹ ಹತ್ತಿರಲಿಲ್ಲ. ಲಗಮಪ್ಪನನ್ನು ಕರೆದು ಕೇಳಿದೆ. "ಅಣ್ಣಾವ್ರು ನಿಪ್ಪಾಣಿಯಿಂದ ತಂದಿದ್ರರಿ. ನೀವು ಪತ್ರ ಹಾಕಿದ ಮರುದಿನಾನ ಹೋಗಿ ತಂದ್ರು. ತಮ್ಮ ಕಡೀಬ್ಯಾಡ ಅಂತಾನ, ಗಿಡಾ ಬಳಸಿ ಪೈಪ ಒಯ್ಯೂದು ಬೀಳತೈತಿ ಅಂದ್ರು" ಎಂದ.

ನೀನು ಬೇಡ ಎನ್ನುತ್ತೀ ಎಂದು ಅವರು ಕಾದಿದ್ದರು. ಬೇಡ ಅಂದರೆ ಅವರು ನಿನಗಾಗಿ ಪೈಪು ಬಾಗಿಸುತ್ತಿದ್ದರು. ಊರ ಮುಂದೆ, "ತಮ್ಮ ಬ್ಯಾಡ ಅಂದಾನ" ಎಂದು ಒಮ್ಮೆ ಹೇಳಿಕೊಳ್ಳುತ್ತಿದ್ದರು. ನೀನು ಎಂದಾದರೂ ಬಂದರೆ ಬನ್ನಿ ಕೊಡಲು ಅದೇ ಗಿಡ ಇರಲಿ ಎಂದೇ ಅವರು ಅದನ್ನು ಹಿಸ್ಸೆಗೆ ಹಚ್ಚಿರಲಿಲ್ಲ. ಇದನ್ನು ಅವರು ಹೇಳಿಲ್ಲ, ಎಂದಿಗೂ ಹೇಳುವುದಿಲ್ಲ. ಹದಿನೆಂಟು ವರ್ಷ ಅವರ ಜೊತೆ ಬಾಳಿದ ನನಗೆ ಗೊತ್ತು. ನೀನು ಅಡ್ಡ ಬರಬಾರದೆಂದು ಬಿಟ್ಟುಕೊಟ್ಟೆ. ಅವರು ನಿನ್ನ ಮಾತು ಮೀರಬಾರದೆಂದು ಕಡಿದರು. ಇಂಥ ಮರ್ಯಾದಸ್ತರನ್ನು ನಾನು ಎಲ್ಲಿಯೂ ಕಾಣೆ.

ನಿನ್ನ ಖಾನೆಗಳಲ್ಲಿ ಇದನ್ನು ಎಲ್ಲಿ ಬರೆಯುತ್ತಾರೆ, ತಿಳಿಸು.

ವೈನಿ


ಬಿದಿಯಾ
೩ ಜನವರಿ ೧೯೯೦

ವೈನಿಗೆ ನಮಸ್ಕಾರಗಳು.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಮೂರು ಸಲ ಉತ್ತರ ಬರೆದು ಹರಿದೆ.

ಬೆಂಡಿನ ವಿಷಯ ಓದಿ ನನಗೆ ಬಹಳ ದುಃಖವಾಯಿತು. ಜೊತೆಗೆ ಅಣ್ಣನ ಮೇಲೆ ಸಿಟ್ಟೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ಬೆಂಡು ಕೊಳ್ಳಲು ನಿಪ್ಪಾಣಿಗೆ ಹೋಗಿ ಬಂದವರು, ಬೇಡ ಎಂದು ಒಂದು ಮಾತು ನಿಮ್ಮಿಂದ ಬರೆಯಿಸಬಾರದಿತ್ತೇ? ಗಿಡ ಉಳಿಯುತ್ತಿತ್ತು. ನಾನೂ ಬೇಡವೆಂದೇ ಬರೆಯುತ್ತಿದ್ದೆ, ಅವರಿಗೆ ಬೇಕಾಗಿದೆ ಎಂದು ತಿಳಿದಿದ್ದರೆ.

ಎರಡು ದೇಶಗಳ ಹೋಲಿಕೆ ಮುಗಿಯಿತು. ಸೂಡಾನಿನ ನಷ್ಟ ಒಮಾನಿನದಕ್ಕಿಂತ ಎಷ್ಟೋ ಪಾಲು ಹೆಚ್ಚೆಂದು ಬಂದಿದೆ. ದುಡ್ಡು ಅಲ್ಲಿಗೇ ಹೋಗಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆಯಿಷಾಳ ದಾರಿ ಉದ್ದವಾಗುತ್ತಿರುವುದು ಸುಳ್ಳಲ್ಲ.

ಆದರೆ ನೀವು ಕೇಳಿದ್ದಕ್ಕೆ ಉತ್ತರ ಹೇಳಬೇಕು. ಈ ಊರಿನಲ್ಲಿ ಸಾಲಿಂ ಎಂಬ ಮುದುಕನಿದ್ದಾನೆ. ಒಣಗಿದ ಒಂದು ದೊಡ್ಡ ಗಾಫ್ ತೋರಿಸಿ, ಮೊದಲು ಎರಡು ಮನೆತನದವರು ತಕರಾರು ಬಂದಾಗ ಇದರ ಕೆಳಗೆ ಕೂತು ಮುಗಿಸುತ್ತಿದ್ದರು ಎಂದಿದ್ದ. ಈಗ ಎಲ್ಲಿ ಕೂಡುತ್ತಾರೆ ಎಂದು ಕೇಳಿದೆ. ಈಗ ಕೂಡುವುದಿಲ್ಲ ಎಂದ. ಅವನು ಇದನ್ನು ಹೇಳಿದ್ದು ಕಳೆದ ಮಾರ್ಚಿನಲ್ಲಿ, ಅಂದರೆ ನಾನು ನಿಮಗೆ ಕಡಿಯಿರಿ ಎಂದು ಬರೆಯುವ ಮೊದಲು. ಯಾವ ಖಾನೆಗೂ ಹೊಂದಲಿಲ್ಲವೆಂದು ಬಿಟ್ಟುಬಿಟ್ಟಿದ್ದೆ. ನಿಮ್ಮ ಪತ್ರ ಬಂದ ಮೇಲೆ ವರದಿಯ ಒಮಾನಿನ ಭಾಗದಲ್ಲಿ ಅದನ್ನು ಎರಡು ಸಾಲಿನಲ್ಲಿ ಸೇರಿಸಿದೆ. ನಮ್ಮ ಸಾಹೇಬರು ಕೆಂಪು ಗೆರೆ ಎಳೆದು ಅಂಚಿನಲ್ಲಿ, ಎಷ್ಟು? ಎಂದು ಬರೆದರು. ಅವರು ಕೇಳಿದ್ದು ತಪ್ಪಲ್ಲ. ನನಗೆ ಹೇಳಲಾಗಲಿಲ್ಲ, ತೆಗೆದೆ.

ಆದ್ದರಿಂದ, ವೈನಿ, ಇದನ್ನು ಎಲ್ಲಿಯೂ ಬರೆಯುವುದಿಲ್ಲ.

ನಿಮ್ಮ,
ಬಾಬಾಸಾಹೇಬ


ಬಿದಿಯಾ
೩೦ ಸೆಪ್ಟೆಂಬರ್ ೧೯೯೦

ವೈನಿಗೆ ನಮಸ್ಕಾರಗಳು.

ಕುವೈತಿನ ಗಲಾಟೆಯಿಂದ ಟಪಾಲು ತಡವಾಗುತ್ತಿದೆ. ಇದು ಎಂದು ಮುಟ್ಟುತ್ತದೋ ತಿಳಿಯದು. ನಾನು ಸುರಕ್ಷಿತವಾಗಿದ್ದೇನೆ, ಯುದ್ಧದ ಸುದ್ದಿ ಇಲ್ಲಿಂದ ದೂರದಲ್ಲಿದೆ.

ನಿನ್ನೆ ದಸರೆ. ಕೆಲಸ ಮುಗಿಸಿ ತೋಪಿಗೆ ನಡೆದುಕೊಂಡು ಹೋದೆ. ಹಸಿರಾಗಿರುವ ಗಿಡವೊಂದನ್ನು ಹುಡುಕಿ, ಕೈಮುಗಿದು, ಒಂದು ಟೊಂಗೆ ಮುರಿದುಕೊಂಡೆ. ದೂರದಲ್ಲಿ ಒಂಟೆ ಕಾಯುವವನು ನೋಡುತ್ತ ನಿಂತಿದ್ದ. ಎಲೆಗಳನ್ನು ಈ ಪಾಕೀಟಿನಲ್ಲಿ ಹಾಕಿದ್ದೇನೆ. ಅಣ್ಣನಿಗೆ ಕೊಟ್ಟು, ತಮ್ಮ ಕಾಲು ಮುಟ್ಟಿದ್ದಾನೆ ಎಂದು ಹೇಳಿ. ಹೆಚ್ಚೇನೂ ಹೇಳಬೇಡಿ.

ಒಣಗುತ್ತಿರುವ ಗಿಡಗಳನ್ನು ಎಣಿಸುವ ಇಲ್ಲಿಯ ಬಾಕಿ ಕೆಲಸ ಮುಂದಿನ ವರ್ಷದ ಸೆಪ್ಟೆಂಬರಿಗೆ ಮುಗಿಯುತ್ತದೆ. ಮೌರಿಟಾನಿಯಾ ಎಂಬ ಇನ್ನೊಂದು ಮರಳಿನ ದೇಶಕ್ಕೆ ಮೂರು ವರ್ಷಕ್ಕೆ ಕರೆದಿದ್ದಾರೆ. ಊರಿನಲ್ಲಿ ನನಗಾಗಿ ಕಾಯುವ ಕೆಲಸ ಯಾವುದೂ ಇಲ್ಲವಾದ್ದರಿಂದ ಬಹುಶಃ ಒಪ್ಪಿಕೊಳ್ಳುತ್ತೇನೆ. ಡಿಸೆಂಬರಿನ ಕೊನೆಗೆ ಉತ್ತರ ಹೇಳಬೇಕು.

ನಿಮ್ಮ,
ಬಾಬಾಸಾಹೇಬ


ಸದಲಗಾ
೧೨ ನವೆಂಬರ್ ೧೯೯೦

ತಮ್ಮಾ ಬಾಬಾ,

ನಿಮ್ಮಣ್ಣ ಮುರಗೆಪ್ಪ ಬರಿಯೂದು. ನನ್ನ ಅಕ್ಷರ ಹಿಂಗ ಅದಾವ, ನಿಧಾನ ಓದು. ನಿಮ್ಮ ವೈನಿ ಬಾಜೂಕ ಕುಂತಾಳ. ನೋಡಬ್ಯಾಡ ಅಂದೀನಿ, ನೋಡಾಕತ್ತಾಳ.

ನಿನ್ನ ಪಾಕೀಟ ದೀಪಾವಳಿ ಆದ ಮ್ಯಾಲ ಬಂತು. ಎಲಿ ಪುಡಿ ಆಗ್ಯಾವ. ಅಕಿ ಕೈಯಾಗ ಕೊಡಾಕ ಬಂದ್ಲು, ನಾ ತಗೊಳ್ಳಲಿಲ್ಲ. ಸಿಟ್ಟು ಅಂತ ತಿಳೀಬ್ಯಾಡ. ಬನ್ನಿ ಕೈಯಿಂದ ಕೈಗೆ ಕೊಡೂದು. ಟಪಾಲಿನ ಅಣ್ಣಾಸಾಬ ತಂದ ಕೊಟ್ರ ಅದು ಅಣ್ಣಾಸಾಬನ ಬನ್ನಿ ಆಗತೈತಿ. ಅವನ ಜೋಡಿ ನನಗೇನ ಜಗಳಿಲ್ಲ.

ಬ್ಯಾಡ ಅಂತ ಒಂದ ಮಾತ ಬರಿಸಬಾರದಿತ್ತೇನು ಅಂತ ನೀ ಕೇಳಿದ್ದು ಅಕಿ ಹೇಳ್ಯಾಳ. ಗಿಡ ಇಬ್ಬರದು. ನಾ ದೊಡ್ಡಾಂವ ಮೊದಲ ಬಾಯಿ ಬಿಟ್ರ ನೀ ಹ್ಞೂಂ ಅಂತಿದ್ದಿ, ಅದು ನಿನ್ನ ಮಾತ ಆಗತಿರಲಿಲ್ಲ. ನನಗ ನಿನ್ನ ಮಾತ ಬೇಕಾಗಿತ್ತು. ನೀನೂ ನನಗೇನ ಬೇಕು ಅಂತ ನೋಡಿದಿ ಅಂತ ಈಗ ತಿಳೀತು. ಇಬ್ಬರೂ ಶಾಣ್ಯಾರು.

ಕಟಗಿ ಇನ್ನೂ ಬದುವಿನ ಮ್ಯಾಲ ಐತಿ. ಬೆಂಡ ಎರಡೂ ಅದಾವ. ಅಂಗಡಿಯಾಂವ ತಿರುಗಿ ತಗೋತೀನಿ ಅಂದಿದ್ದ, ನಾ ಕೊಟ್ಟಿಲ್ಲ.

ಆ ಮೂರನೇ ದೇಶಕ್ಕ ಹೋಗೂದಿದ್ರ ಹೋಗು. ನಿನಗ ಸರಿ ಕಂಡಂಗ ಮಾಡು, ನಂದೇನ ತಕರಾರಿಲ್ಲ.

ಮ್ಯಾಲಿನ ಸಾಲ ಹೊಡದ ಹಾಕೀನಿ, ಅದನ್ನ ಓದಬ್ಯಾ‌ಡ. ಹಂಗ ಬರದದ್ದಕ್ಕನ ಗಿಡ ಹೋತು. ಹೋಗಬ್ಯಾಡ. ಇದು ನನ್ನ ಮಾತು. ನಿನ್ನ ಮಾತ ನೀ ಬರಿ.

ಬರೂ ದಸರಾಕ್ಕ ಊರಿಗೆ ಬಾ. ಇಲ್ಲಿ ಗಿಡ ಇಲ್ಲ. ಬನ್ನಿ ಅಲ್ಲಿಂದನ ಹರಕೊಂಡು ಬಾ.

ನಿನ್ನ ಅಣ್ಣ,
ಮುರಗೆಪ್ಪ